ಫ್ರಾಗ್ಮೆಂಟ್ ಲೈಬ್ರರಿ

ಫ್ರಾಗ್ಮೆಂಟ್ ಲೈಬ್ರರಿ ಅಥವಾ ಅಣುತುಣುಕುಗಳ ಸಂಗ್ರಹವು ಹೊಸ ಔಷಧಗಳ ಶೋಧಕ್ಕಾಗಿ ಆಯ್ದು ಇರಿಸಿಕೊಂಡ ಅತಿ ಚಿಕ್ಕ ಸಾವಯವ ಅಣುಗಳ ಗುಂಪು. ರೋಗಕ್ಕೆ ಸಂಬಂಧಿಸಿದ ಪ್ರೋಟೀನಿನೊಂದಿಗೆ ಇವುಗಳನ್ನು ಪರೀಕ್ಷಿಸಿ, ಅದಕ್ಕೆ ಅಂಟಿಕೊಳ್ಳುವ ತುಣುಕುಗಳನ್ನು ಹಂತಹಂತವಾಗಿ ಬೆಳೆಸಿ ಔಷಧವಾಗಿ ರೂಪಿಸಲಾಗುತ್ತದೆ. ಇಂತಹ ಸಂಗ್ರಹದಲ್ಲಿ ಸಾಮಾನ್ಯವಾಗಿ ಒಂದೆರಡು ಸಾವಿರ ಅಣುಗಳಷ್ಟೇ ಇರುತ್ತವೆ. ಆದ್ದರಿಂದ ಯಾವುದನ್ನು ಸೇರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ನಿರ್ಧಾರವು ಮುಂದಿನ ಸಂಶೋಧನೆಯ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಹಿನ್ನೆಲೆ

ದೊಡ್ಡ ಅಣುವಿನ ಬಂಧನಶಕ್ತಿಯನ್ನು ಅದರ ಭಾಗಗಳ ಕೊಡುಗೆಗಳ ಮೂಲಕ ವಿವರಿಸಬಹುದೆಂಬ ವಿಚಾರವನ್ನು ವಿಲಿಯಂ ಜೆಂಕ್ಸ್ 1981ರಲ್ಲಿ ಮಂಡಿಸಿದರು. 1996ರಲ್ಲಿ ಅಬಾಟ್ ಸಂಸ್ಥೆಯ ಸ್ಟೀಫನ್ ಫೆಸಿಕ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಎಫ್‌ಕೆಬಿಪಿ ಎಂಬ ಪ್ರೋಟೀನಿಗೆ ಅಂಟುವ ಎರಡು ತುಣುಕುಗಳನ್ನು ಎನ್‌ಎಂಆರ್ ವಿಧಾನದಿಂದ ಗುರುತಿಸಿ, ಅವುಗಳನ್ನು ಜೋಡಿಸಿ, ಎರಡಕ್ಕಿಂತಲೂ ಬಹುಪಾಲು ಬಲವಾಗಿ ಅಂಟುವ ಅಣುವನ್ನು ಅವರು ಪಡೆದರು.

ಚಿಕ್ಕ ಅಣುಗಳ ಅನುಕೂಲ

ಪರಮಾಣುಗಳ ಸಂಖ್ಯೆ ಹೆಚ್ಚಿದಂತೆ ಸಾಧ್ಯವಿರುವ ಅಣುಗಳ ಸಂಖ್ಯೆ ಅಪಾರವಾಗಿ ಏರುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಗಣಕೀಕೃತ ಎಣಿಕೆಗಳಲ್ಲಿ, ಹೈಡ್ರೋಜನ್ ಹೊರತುಪಡಿಸಿ 11 ಪರಮಾಣುಗಳವರೆಗಿನ ಅಣುಗಳು ಸುಮಾರು 2.64 ಕೋಟಿ ಇದ್ದರೆ, 17 ಪರಮಾಣುಗಳವರೆಗಿನವು ಸುಮಾರು 16,640 ಕೋಟಿ. ಹೀಗಾಗಿ ಕೆಲವೇ ಸಾವಿರ ತುಣುಕುಗಳು ತಮ್ಮ ಗಾತ್ರದ ಅಣುಗಳ ವೈವಿಧ್ಯವನ್ನು ಪ್ರತಿನಿಧಿಸುವಷ್ಟು ಚೆನ್ನಾಗಿ, ಲಕ್ಷಾಂತರ ದೊಡ್ಡ ಅಣುಗಳು ತಮ್ಮ ಗಾತ್ರದ ವೈವಿಧ್ಯವನ್ನು ಪ್ರತಿನಿಧಿಸಲಾರವು. ಅಲ್ಲದೆ, ದೊಡ್ಡ ಅಣುವಿನ ಒಂದು ಭಾಗ ಪ್ರೋಟೀನಿನ ಕುಳಿಗೆ ಹೊಂದಿದರೂ ಇನ್ನೊಂದು ಭಾಗ ಅಡ್ಡಿಯಾಗಬಹುದು; ಚಿಕ್ಕ ತುಣುಕಿನಲ್ಲಿ ಈ ಸಂಭವ ಕಡಿಮೆ.

ಆಯ್ಕೆಯ ಮಾನದಂಡಗಳು

ಆಸ್ಟೆಕ್ಸ್ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಸೂಚಿಸಿದ 'ಮೂರರ ನಿಯಮ' ಪ್ರಸಿದ್ಧವಾಗಿದೆ. ಅದರಂತೆ ತುಣುಕಿನ ಅಣುತೂಕ 300 ಡಾಲ್ಟನ್‌ಗಿಂತ ಕಡಿಮೆಯಿರಬೇಕು. ಹೈಡ್ರೋಜನ್ ಬಂಧದ ದಾನಿಗಳು ಹಾಗೂ ಸ್ವೀಕಾರಕಗಳು ತಲಾ 3ನ್ನು ಮೀರಬಾರದು. ಕೊಬ್ಬಿನಲ್ಲಿ ಕರಗುವ ಒಲವನ್ನು ಸೂಚಿಸುವ ಲಾಗ್‌ಪಿ ಮೌಲ್ಯವೂ 3ರೊಳಗಿರಬೇಕು. ಇದು ಮಾರ್ಗಸೂಚಿಯೇ ಹೊರತು ಕಟ್ಟುನಿಟ್ಟಿನ ಕಟ್ಟಳೆಯಲ್ಲ.

ತುಣುಕುಗಳು ದುರ್ಬಲವಾಗಿ ಅಂಟುವುದರಿಂದ ಅವುಗಳನ್ನು ಹೆಚ್ಚಿನ ಸಾಂದ್ರತೆಯಲ್ಲಿ ಪರೀಕ್ಷಿಸಬೇಕಾಗುತ್ತದೆ. ಹಾಗಾಗಿ ನೀರಿನಲ್ಲಿ ಚೆನ್ನಾಗಿ ಕರಗುವ ಗುಣ ಅತ್ಯಗತ್ಯ. ಪ್ರೋಟೀನಿನೊಂದಿಗೆ ಅನಿಯಂತ್ರಿತವಾಗಿ ವರ್ತಿಸುವ ಅಥವಾ ಒಟ್ಟುಗೂಡಿ ಗಂಟಾಗುವ ಅಣುಗಳು ಸುಳ್ಳು ಫಲಿತಾಂಶ ನೀಡುತ್ತವೆ. ಅವುಗಳನ್ನು ಮೊದಲೇ ತೆಗೆಯದಿದ್ದರೆ ರಸಾಯನಜ್ಞರ ತಿಂಗಳುಗಟ್ಟಲೆ ಶ್ರಮ ವ್ಯರ್ಥವಾಗಬಹುದು. ತುಣುಕನ್ನು ಮುಂದೆ ಬೆಳೆಸಲು ಹೊಸ ಗುಂಪುಗಳನ್ನು ಜೋಡಿಸಬಲ್ಲ ಸ್ಥಾನಗಳೂ ಅದರಲ್ಲಿರಬೇಕು. ಚಪ್ಪಟೆಯಾದ ಉಂಗುರ ರಚನೆಗಳ ಜೊತೆಗೆ ಮೂರು ಆಯಾಮದ ಆಕಾರಗಳನ್ನು ಎಷ್ಟು ಸೇರಿಸಬೇಕೆಂಬುದು ಇಂದಿಗೂ ಚರ್ಚೆಯ ವಿಷಯ.

ಉದಾಹರಣೆ

ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಬಳಸುವ ವೆಮುರಾಫೆನಿಬ್ ಈ ಮಾರ್ಗದಿಂದ ಬಂದು ಅಮೆರಿಕದಲ್ಲಿ ಅನುಮೋದನೆ ಪಡೆದ ಮೊದಲ ಔಷಧ (2011). ಇದರ ಶೋಧವು 7-ಅಜಾಇಂಡೋಲ್ ಎಂಬ ತುಣುಕಿನಿಂದ ಆರಂಭವಾಯಿತು. ಆ ತುಣುಕಿನ ಅಣುತೂಕ ಸುಮಾರು 118. ಸಿದ್ಧ ಔಷಧದ್ದು ಸುಮಾರು 490. ವೆನೆಟೊಕ್ಲಾಕ್ಸ್ (2016) ಔಷಧದ ಮೂಲವೂ ತುಣುಕು ಆಧಾರಿತ ಸಂಶೋಧನೆಯಲ್ಲಿದೆ.