ನಿಮಗಿದು ಗೊತ್ತೆ? ಡಿಕ್ರಿಗೂ ಆಯುಷ್ಯವಿದೆ

ಸಾಲದ ದಾವೆ ಗೆದ್ದು ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಪಡೆದ ಮಾತ್ರಕ್ಕೆ ಹಣ ಕೈಸೇರದು. ಡಿಕ್ರಿಯನ್ನು ಜಾರಿಗೊಳಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. 1963ರ ಕಾಲಮಿತಿ ಕಾಯ್ದೆಯಂತೆ ಇದಕ್ಕೆ 12 ವರ್ಷಗಳ ಗಡುವು.

ಕೋರ್ಟು ಆಸ್ತಿ ಜಪ್ತಿ ಮಾಡಬಹುದು. ಆದರೆ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬದುಕಿಗೆ ಬೇಕಾದ ನೇಗಿಲು, ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಹೆಂಗಸರ ತಾಳಿಗೂ ಇದೇ ರಕ್ಷಣೆ. ಎಷ್ಟು ಮನುಷ್ಯತ್ವದ ಕಾನೂನು! ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ. ಬರೀ ಬಡತನದಿಂದ ತೀರಿಸಲಾಗದವರನ್ನು ಜೈಲಿಗೆ ಕಳಿಸುವಂತಿಲ್ಲವೆಂದು 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಕೋರ್ಟಿನ ಹೊರಗೆ ಸಾಲ ತೀರಿಸಿದರೆ ಅದು ಕೋರ್ಟಿನಲ್ಲಿ ದಾಖಲಾಗಲೇಬೇಕು. ಇಲ್ಲದಿದ್ದರೆ ಅಮಲ್ಜಾರಿ ಕೋರ್ಟು ಆ ಪಾವತಿಯನ್ನು ಲೆಕ್ಕಕ್ಕೆ ಹಿಡಿಯದು. ಸಾಲಗಾರರು ಇದಕ್ಕಾಗಿ 30 ದಿನದೊಳಗೆ ಅರ್ಜಿ ಹಾಕಬೇಕು. ದಯವಿಟ್ಟು ಮರೆಯಬೇಡಿ.