ಮಂದ ಎಣ್ಣೆಯನ್ನು ಎಳೆಯಬೇಡಿ, ತಳ್ಳಿ

ಅಮೆರಿಕದ ಹಳೆ ಗಾಡಿಗಳ ಮಾರುಕಟ್ಟೆಯಲ್ಲಿ 1994ರಿಂದ 1998ರ ನಡುವೆ ತಯಾರಾದ ಡಾಜ್ ಡೀಸೆಲ್ ಪಿಕಪ್ಪಿಗೆ ಇವತ್ತಿಗೂ ಗಿರಾಕಿಗಳಿದ್ದಾರೆ. ಅವರಲ್ಲಿ ಹಲವರ ಕಣ್ಣು ಅದರ ಕಮ್ಮಿನ್ಸ್ ಎಂಜಿನ್ನಿನ ಪಕ್ಕಕ್ಕೆ ಕೂರಿಸಿರುವ ಬಾಷ್ ಪಿ7100 ಪಂಪಿನ ಮೇಲೆ. ಅಲ್ಲಿನ ಸೇನೆ ದಶಕಗಳ ಕಾಲ ದುಡಿಸಿ ಹರಾಜಿಗೆ ಬಿಟ್ಟ ಎಂ35 ಎಂಬ ಎರಡೂವರೆ ಟನ್ನಿನ ಟ್ರಕ್ಕುಗಳನ್ನೂ ಇದೇ ಮಂದಿ ಹುಡುಕಿಕೊಂಡು ಹೋಗುತ್ತಾರೆ. ಹೋಟೆಲಿನಲ್ಲಿ ಕರಿದು ಮುಗಿಸಿದ ಎಣ್ಣೆ, ಸರ್ವಿಸಿನಲ್ಲಿ ಬಸಿದ ಕಪ್ಪು ಎಂಜಿನ್ ಆಯಿಲ್, ಹಳೆಯ ಹೈಡ್ರಾಲಿಕ್ ಆಯಿಲ್ ಇಂಥವನ್ನೆಲ್ಲ ಡೀಸೆಲ್ಲಿಗೆ ಬೆರೆಸಿ ಗಾಡಿ ಓಡಿಸುವವರು ಇವರು. ಇಂಥ ಇಂಧನಕ್ಕೆ ಎಂಥ ಪಂಪು ಬೇಕು ಎಂಬುದು ಅವರಿಗೆ ಹಣದ ಪ್ರಶ್ನೆ. ನನಗೆ ಇದು ದ್ರವಗಳು ಹರಿಯುವ ರೀತಿಯನ್ನು ಅರಿಯಲು ಸಿಗುವ ಅತ್ಯುತ್ತಮ ಪಾಠಗಳಲ್ಲಿ ಒಂದು.

ಮೊದಲು ಮಂದ ಎಂದರೆ ಎಷ್ಟು ಮಂದ ಎಂದು ನೋಡೋಣ. ದ್ರವದ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಮ್ಮ ಬಂಕುಗಳ ಡೀಸೆಲ್ 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 2ರಿಂದ 4.5ರ ಒಳಗಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅದೇ ಉಷ್ಣತೆಯಲ್ಲಿ ಅಡುಗೆ ಎಣ್ಣೆಗಳು 35–40ರ ಆಸುಪಾಸಿನಲ್ಲಿರುತ್ತವೆ. ಲಾರಿಗಳಿಗೆ ಹಾಕುವ 15ಡಬ್ಲ್ಯೂ-40 ಎಂಜಿನ್ ಆಯಿಲ್ 100 ದಾಟುತ್ತದೆ. ಚಳಿಗಾಲದ ಬೆಳಗ್ಗೆ ಈ ಅಂಕಿಗಳೆಲ್ಲ ಇನ್ನೂ ಹಲವು ಪಟ್ಟು ಮೇಲೇರುತ್ತವೆ. ಎಂಜಿನ್ ವಿನ್ಯಾಸ ಮಾಡಿದವರು 3ರ ಅಂದಾಜಿನಲ್ಲಿ ಹಾಕಿದ ಪೈಪಿನಲ್ಲಿ 40ರ, 100ರ ದ್ರವ ಹರಿಯಬೇಕಾಗಿದೆ.

ಡೀಸೆಲ್ ಗಾಡಿಯಲ್ಲಿ ಎರಡು ಪಂಪುಗಳಿರುತ್ತವೆ. ಒಂದು ಟ್ಯಾಂಕಿನಿಂದ ಇಂಧನವನ್ನು ಎಂಜಿನ್ನಿನವರೆಗೆ ತರುವ ಫೀಡ್ ಪಂಪು. ಅಮೆರಿಕದವರು ಇದನ್ನು ಲಿಫ್ಟ್ ಪಂಪು ಎನ್ನುತ್ತಾರೆ. ಇನ್ನೊಂದು ಆ ಇಂಧನವನ್ನು ನೂರಾರು ಬಾರ್ ಒತ್ತಡಕ್ಕೇರಿಸಿ, ಕ್ಷಣ ತಪ್ಪದಂತೆ ನಾಜಲ್ಲಿಗೆ ತಳ್ಳುವ ಇಂಜೆಕ್ಷನ್ ಪಂಪು. ಮಂದ ಎಣ್ಣೆ ಹಾಕಿದ ಗಾಡಿ ಏರಿನಲ್ಲಿ ಜಗ್ಗಿ ನಿಂತಿತೆಂದರೆ ಮಾಲೀಕ ಮೊದಲು ಮಾಡುವುದು ಇನ್ನೂ ಶಕ್ತಿಶಾಲಿಯಾದ ಲಿಫ್ಟ್ ಪಂಪು ತಂದು ಹಾಕುವುದು. ಬಹಳ ಸಲ ಗಾಡಿ ಆಮೇಲೂ ಜಗ್ಗುತ್ತಲೇ ಇರುತ್ತದೆ. ಕಾರಣ ಪಂಪಿನ ಬಲದಲ್ಲಿಲ್ಲ, ಅದನ್ನು ಕೂರಿಸಿದ ಜಾಗದಲ್ಲಿದೆ.

ಪಂಪು ಇಂಧನವನ್ನು ಎಳೆಯುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವಾದರೂ ದ್ರವವನ್ನು ಯಾರೂ ಎಳೆಯಲಾರರು. ಪಂಪು ತನ್ನ ಬಾಯಿಯಲ್ಲಿ ಒತ್ತಡ ತಗ್ಗಿಸುತ್ತದೆ, ಟ್ಯಾಂಕಿನ ಮೇಲಿರುವ ಗಾಳಿ ದ್ರವವನ್ನು ಅತ್ತ ನೂಕುತ್ತದೆ. ಆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 1 ಬಾರ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 0.9. ಎಷ್ಟೇ ದುಬಾರಿ ಪಂಪು ತಂದರೂ ಈ ಬಂಡವಾಳವನ್ನು ಹೆಚ್ಚಿಸಲಾಗದು. ನಮ್ಮ ರೈತರಿಗೆ ಇದು ಹೊಸ ವಿಷಯವಲ್ಲ. ದಡದ ಮೇಲೆ ಕೂರಿಸಿದ ಪಂಪ್‌ಸೆಟ್ಟು ಏಳೆಂಟು ಮೀಟರಿಗಿಂತ ಆಳದ ನೀರೆತ್ತಲಾರದು. ಅದಕ್ಕೇ ಕೊಳವೆಬಾವಿಗೆ ಸಬ್‌ಮರ್ಸಿಬಲ್ ಪಂಪನ್ನೇ ಇಳಿಸುತ್ತೇವೆ. ಬಾವಿಯಲ್ಲಿ ಆಳ ತಿನ್ನುವ ಒತ್ತಡವನ್ನು ಟ್ರಕ್ಕಿನಲ್ಲಿ ಪೈಪಿನ ಘರ್ಷಣೆ ತಿನ್ನುತ್ತದೆ.

ಎಷ್ಟು ತಿನ್ನುತ್ತದೆ ಎಂಬುದಕ್ಕೆ ಸೂತ್ರವಿದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ರಕ್ತದ ಹರಿವಿನಲ್ಲಿ ಆಸಕ್ತಿ ತಳೆದ ಫ್ರೆಂಚ್ ವೈದ್ಯ ಪ್ವಾಜೇಯ್, ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಎಂಜಿನಿಯರ್ ಹಾಗೆನ್, ಇಬ್ಬರೂ ಬೇರೆಬೇರೆಯಾಗಿ ಕಿರಿದಾದ ಕೊಳವೆಗಳಲ್ಲಿ ದ್ರವ ಹರಿಸಿ ಇದನ್ನು ಕಂಡುಕೊಂಡರು. ಕೊಳವೆಯಲ್ಲಿ ನಷ್ಟವಾಗುವ ಒತ್ತಡ ಸ್ನಿಗ್ಧತೆಗೆ, ಉದ್ದಕ್ಕೆ, ಹರಿವಿಗೆ ನೇರ ಅನುಪಾತದಲ್ಲಿ ಏರುತ್ತದೆ. ಕೊಳವೆಯ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ವ್ಯಾಸ ಎರಡು ಪಟ್ಟಾದರೆ ನಷ್ಟ ಹದಿನಾರರಲ್ಲಿ ಒಂದು ಪಾಲು.

ಒಂದು ಲೆಕ್ಕ ಹಾಕೋಣ. ಟ್ಯಾಂಕು ಹಿಂದೆ, ಪಂಪು ಮುಂದೆ ಎಂಜಿನ್ನಿನ ಬಳಿ, ನಡುವೆ ನಾಲ್ಕು ಮೀಟರ್ ಪೈಪು, ಒಳವ್ಯಾಸ 8 ಮಿಲಿಮೀಟರ್. ಗಂಟೆಗೆ 120 ಲೀಟರ್ ಹರಿಯಲಿ. ಎಂಜಿನ್ ಉರಿಸುವುದು ಇದರ ಒಂದು ಭಾಗವನ್ನಷ್ಟೇ, ಉಳಿದದ್ದು ಪಂಪನ್ನು ತಂಪಾಗಿಟ್ಟು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಡೀಸೆಲ್ ಹರಿದರೆ ಪೈಪಿನಲ್ಲಿ ನಷ್ಟವಾಗುವುದು 0.03 ಬಾರ್, ಯಾರ ಗಮನಕ್ಕೂ ಬಾರದಷ್ಟು. 40 ಸೆಂಟಿಸ್ಟೋಕ್ಸಿನ ಅಡುಗೆ ಎಣ್ಣೆಯಾದರೆ ಅರ್ಧ ಬಾರ್. ಬಂಡವಾಳದ ಅರ್ಧ ಪೈಪಿನಲ್ಲೇ ಕರಗಿತು, ಫಿಲ್ಟರಿನ ಖರ್ಚು ಇನ್ನೂ ಬಾಕಿ. 100 ಸೆಂಟಿಸ್ಟೋಕ್ಸಿನ ಎಂಜಿನ್ ಆಯಿಲ್ಲಿಗೆ 1.1 ಬಾರಿಗಿಂತ ಹೆಚ್ಚು ಬೇಕು. ಅಷ್ಟು ಒತ್ತಡ ವಾತಾವರಣದಲ್ಲೇ ಇಲ್ಲ. ಆ ಜಾಗದಲ್ಲಿ ಕೂತ ಯಾವ ಪಂಪಿಗೂ ಅಷ್ಟು ಎಣ್ಣೆ ಬಂದು ಮುಟ್ಟದು. ಅದೇ ಪೈಪು 12 ಮಿಲಿಮೀಟರಿನದಾದರೆ ಅಡುಗೆ ಎಣ್ಣೆಯ ನಷ್ಟ ಅರ್ಧ ಬಾರಿನಿಂದ 0.1 ಬಾರಿಗೆ ಕುಸಿಯುತ್ತದೆ. ಹೊಸ ಪಂಪು ಕೊಡಲಾಗದ್ದನ್ನು ನಾಲ್ಕು ಮೀಟರ್ ದಪ್ಪ ಹೋಸು ಕೊಡುತ್ತದೆ.

ಒತ್ತಡ ಅತಿಯಾಗಿ ತಗ್ಗಿದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಎಣ್ಣೆಯಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಹೊರಬೀಳುತ್ತದೆ. ಹೊರಕ್ಕೆ ಒಂದು ಹನಿ ಸೋರದ ಹೋಸಿನ ಜಾಯಿಂಟು ಒಳಕ್ಕೆ ಗಾಳಿ ಬಿಡುತ್ತದೆ. ಗಾಳಿ ಸೇರಿದ ಇಂಧನ ಇಂಜೆಕ್ಷನ್ ಪಂಪಿನಲ್ಲಿ ಒತ್ತಡವೇರದೆ ಕುಗ್ಗುತ್ತದೆ, ಎಂಜಿನ್ ತಡವರಿಸುತ್ತದೆ. ನಮ್ಮ ಡ್ರೈವರುಗಳು ಏರ್ ಹಿಡಿದಿದೆ ಎನ್ನುವುದು ಇದನ್ನೇ. ಪ್ರೈಮರ್ ಒತ್ತಿ ಏರ್ ತೆಗೆದು ಹೊರಟರೆ ಮುಂದಿನ ಏರಿನಲ್ಲಿ ಮತ್ತೆ ಅದೇ ಕತೆ.

ಹಾಗಾಗಿ ಮೊದಲ ನಿಯಮ, ಪಂಪನ್ನು ಟ್ಯಾಂಕಿನ ಪಕ್ಕದಲ್ಲಿ, ಸಾಧ್ಯವಾದರೆ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಕೂರಿಸಬೇಕು. ಎಂ35 ಟ್ರಕ್ಕಿನಲ್ಲಿ ವಿದ್ಯುತ್ ಪಂಪನ್ನು ಟ್ಯಾಂಕಿನೊಳಕ್ಕೇ ಇಳಿಸಿದ್ದರು. ಹಿಂದಿನಿಂದ ತಳ್ಳುವಾಗ ವಾತಾವರಣದ ಮಿತಿ ಇಲ್ಲ. ಎರಡು ಬಾರ್ ಬೇಕೆಂದರೆ ಎರಡು, ಮೂರು ಬೇಕೆಂದರೆ ಮೂರು. ಸೂಕ್ಷ್ಮ ಫಿಲ್ಟರುಗಳೂ ಪಂಪಿನ ಮುಂದಕ್ಕೆ, ಒತ್ತಡವಿರುವ ಬದಿಗೆ ಹೋಗಬೇಕು. ಪಂಪಿನ ಹಿಂದೆ ಒಂದು ಒರಟು ಜಾಲರಿ ಸಾಕು.

ಇನ್ನು ಪಂಪಿನ ಜಾತಿ. ಹಳೆಯ ಫೋರ್ಡ್ ಡೀಸೆಲ್ಲುಗಳಲ್ಲಿ ಎಂಜಿನ್ನೇ ಬಡಿದು ಓಡಿಸುವ ಡಯಾಫ್ರಾಮ್ ಪಂಪಿತ್ತು. ಡೀಸೆಲ್ಲಿಗೆ ಅದು ಸೊಗಸು. ಮಂದ ಎಣ್ಣೆಯಲ್ಲಿ ಅದರ ಸಣ್ಣ ವಾಲ್ವುಗಳು ನಿಧಾನವಾಗಿ ಮುಚ್ಚುತ್ತವೆ, ರಬ್ಬರ್ ಪೊರೆ ಬೇಗ ದಣಿಯುತ್ತದೆ, ಹರಿದರೆ ಇಂಧನ ಎಂಜಿನ್ ಆಯಿಲ್ಲಿಗೆ ಇಳಿಯುವ ಅಪಾಯವೂ ಇದೆ. ರೇಸ್ ಕಾರುಗಳಿಗೆಂದು ಅಗ್ಗಕ್ಕೆ ಸಿಗುವ ವೇನ್ ಪಂಪುಗಳಲ್ಲಿ ತಿರುಗುವ ಚಕ್ರದ ಸೀಳುಗಳಿಂದ ಸಣ್ಣ ರೆಕ್ಕೆಗಳು ಹೊರಜಾರಿ ಗೋಡೆಗೆ ತಾಗಬೇಕು. ತಣ್ಣನೆಯ ಮಂದ ಎಣ್ಣೆ ಆ ಸೀಳುಗಳಲ್ಲಿ ತುಂಬಿಕೊಂಡರೆ ರೆಕ್ಕೆ ಹೊರಬರಲು ಒದ್ದಾಡುತ್ತದೆ. ಈಗಿನ ಪೆಟ್ರೋಲ್ ಕಾರಿನ ಟ್ಯಾಂಕಿನಲ್ಲಿರುವ ಟರ್ಬೈನ್ ಮಾದರಿಯ ಪಂಪು ಇದಕ್ಕೆ ಆಗಿಬರುವುದೇ ಇಲ್ಲ. ತೆಳು ದ್ರವವನ್ನು ವೇಗವಾಗಿ ತಿರುಗಿಸಿ ಒತ್ತಡ ಹುಟ್ಟಿಸುವ ಯಂತ್ರ ಅದು. ಮಂದ ಎಣ್ಣೆಯಲ್ಲಿ ಆ ವೇಗವೇ ಬರದು.

ನನ್ನ ಆಯ್ಕೆ ಗೇರ್ ಪಂಪು, ಇಲ್ಲವೇ ಅದರ ಹತ್ತಿರದ ಬಂಧು ಜಿರೋಟರ್. ಒಂದಕ್ಕೊಂದು ಕಚ್ಚಿ ತಿರುಗುವ ಹಲ್ಲುಗಳು ನಡುವಿನ ಸಂದಿಯಲ್ಲಿ ಎಣ್ಣೆ ಹಿಡಿದು ಆಚೆಗೆ ಸಾಗಿಸುತ್ತವೆ. ಒಂದು ಸುತ್ತಿಗೆ ಇಷ್ಟು ಎಂದು ಅಳತೆ ಗೊತ್ತು. ತೆಳು ಡೀಸೆಲ್ ಹಲ್ಲುಗಳ ಪಕ್ಕದ ಸಂದಿಯಿಂದ ಸ್ವಲ್ಪ ಹಿಂದಕ್ಕೆ ನುಸುಳುತ್ತದೆ. ಮಂದ ಎಣ್ಣೆ ಹಾಗೆ ನುಸುಳಲಾರದು. ಸ್ನಿಗ್ಧತೆ ಹೆಚ್ಚಿದಷ್ಟೂ ಸೋರಿಕೆ ತಗ್ಗುವ ಪಂಪು ಇದು. ಎಂಜಿನ್ನಿನ ಲೂಬ್ರಿಕೇಶನ್‌ಗೆ ಹೆಚ್ಚಾಗಿ ಈ ಜಾತಿಯನ್ನೇ ಬಳಸುವುದು ಸುಮ್ಮನೆ ಅಲ್ಲ. ಎರಡು ಎಚ್ಚರಿಕೆಗಳಿವೆ. ಇದು ನಿಧಾನವಾಗಿ ತಿರುಗಬೇಕು. ವೇಗ ಹೆಚ್ಚಾದರೆ ಹಲ್ಲಿನ ಸಂದಿ ತುಂಬಲು ಸಮಯ ಸಾಲದು. ಫಿಲ್ಟರ್ ಕಟ್ಟಿಕೊಂಡರೂ ತಳ್ಳುವುದನ್ನು ಬಿಡುವುದಿಲ್ಲವಾದ್ದರಿಂದ ರಿಲೀಫ್ ವಾಲ್ವ್ ಇಲ್ಲದಿದ್ದರೆ ಹೋಸು ಸೀಳುತ್ತದೆ ಇಲ್ಲವೇ ಮೋಟಾರ್ ಸುಡುತ್ತದೆ. ಮಂದ ಎಣ್ಣೆಗೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಆದ್ದರಿಂದ ದಪ್ಪ ವೈರು ಮತ್ತು ರಿಲೇ ಕಡ್ಡಾಯ. ಸೀಲುಗಳು ವೈಟಾನ್ ರಬ್ಬರಿನವಾದರೆ ಒಳ್ಳೆಯದು.

ಇಂಜೆಕ್ಷನ್ ಪಂಪಿನ ಕತೆ ಬೇರೆ. ಅದನ್ನು ಬದಲಿಸುವುದು ಸುಲಭವಲ್ಲ, ಹಾಗಾಗಿ ಈ ಮಂದಿ ಪಂಪು ನೋಡಿಯೇ ಟ್ರಕ್ಕು ಆರಿಸುತ್ತಾರೆ. ಪಿ7100 ಇನ್‌ಲೈನ್ ಜಾತಿಯದು: ಆರು ಸಿಲಿಂಡರಿಗೆ ಆರು ಪ್ಲಂಜರ್, ಕೆಳಗೆ ಅವನ್ನು ಎತ್ತುವ ಕ್ಯಾಮ್‌ಶಾಫ್ಟ್, ಅದಕ್ಕೆ ಎಂಜಿನ್ನಿನ ಆಯಿಲ್ಲೇ ಲೂಬ್ರಿಕೇಶನ್. ನಮ್ಮ ಟಾಟಾ, ಲೇಲ್ಯಾಂಡ್ ಲಾರಿಗಳಿಗೆ ದಶಕಗಳ ಕಾಲ ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯಿಂದ ಬಂದದ್ದು ಇದೇ ಕುಲದ ಪಂಪುಗಳು. 1951ರಲ್ಲಿ ಶುರುವಾದ ಮೈಕೊ ಈಗ ಬಾಷ್ ಲಿಮಿಟೆಡ್. ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಮಾತ್ರ ಇನ್ನೂ ಮೈಕೊ ಪಂಪು.

ಪಿ7100ಗಿಂತ ಹಿಂದಿನ ಡಾಜ್ ಟ್ರಕ್ಕುಗಳಲ್ಲಿ ಬಾಷ್ ವಿಇ ಎಂಬ ರೋಟರಿ ಪಂಪಿತ್ತು. ಅದರಲ್ಲಿ ಆರೂ ಸಿಲಿಂಡರಿಗೆ ಒಂದೇ ಪ್ಲಂಜರ್. ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ ಪಂಪು ಅದರ ಅರ್ಧ, 1250 ಸುತ್ತು. ಇನ್‌ಲೈನ್ ಪಂಪಿನ ಪ್ರತಿ ಪ್ಲಂಜರಿಗೂ ಒಂದು ಹೊಡೆತಕ್ಕೆ 48 ಮಿಲಿಸೆಕೆಂಡ್ ಸಿಗುತ್ತದೆ. ವಿಇಯ ಒಂಟಿ ಪ್ಲಂಜರ್ ಅಷ್ಟರಲ್ಲಿ ಆರು ಸಲ ಹೊಡೆಯಬೇಕು, ಹೊಡೆತಕ್ಕೆ ಎಂಟೇ ಮಿಲಿಸೆಕೆಂಡ್. ಅದರಲ್ಲೂ ಒಳಕ್ಕೆ ತುಂಬಿಕೊಳ್ಳಲು ಉಳಿಯುವುದು ಒಂದು ಪಾಲು. ಡೀಸೆಲ್ಲಿಗೆ ಅಷ್ಟು ಸಾಕು. ಮಂದ ಎಣ್ಣೆ ಅಷ್ಟರಲ್ಲಿ ಪೂರ್ತಿ ತುಂಬದೆ ಹೋಗಬಹುದು, ಎಂಜಿನ್ ಮೇಲಿನ ವೇಗದಲ್ಲಿ ಬಲ ಕಳೆದುಕೊಳ್ಳುತ್ತದೆ. ರೋಟರಿ ಪಂಪಿನ ಒಳ ಅಂಗಗಳಿಗೆಲ್ಲ ಇಂಧನವೇ ಲೂಬ್ರಿಕೇಶನ್. ಒಳಗಿನ ಪುಟ್ಟ ವೇನ್ ಪಂಪು ಹುಟ್ಟಿಸುವ ಒತ್ತಡದಿಂದಲೇ ಟೈಮಿಂಗ್ ಹೊಂದುತ್ತದೆ. ಸ್ನಿಗ್ಧತೆ ಬದಲಾದರೆ ಟೈಮಿಂಗ್ ಕೂಡ ಅಲುಗುತ್ತದೆ. ಯುರೋಪಿನ ಕಾರುಗಳಲ್ಲಿದ್ದ ಲೂಕಾಸ್ ಸಿಎವಿ ರೋಟರಿ ಪಂಪುಗಳಂತೂ ತಣ್ಣನೆಯ ಅಡುಗೆ ಎಣ್ಣೆಗೆ ಹಿಡಿದುಕೊಂಡು ಮುರಿಯುವುದಕ್ಕೆ ಹೆಸರಾಗಿದ್ದವು.

ಇಲ್ಲೊಂದು ಮೋಸವಿದೆ. ಸವೆದ ಪ್ಲಂಜರ್ ಮತ್ತು ಬ್ಯಾರಲ್ ನಡುವೆ ತೆಳು ಡೀಸೆಲ್ ಸೋರಿ ಬಲ ಕುಂದುತ್ತದೆ. ಮಂದ ಎಣ್ಣೆ ಹಾಕಿದ ಕೂಡಲೇ ಸೋರಿಕೆ ತಗ್ಗಿ ಮುದಿ ಪಂಪು ಚೇತರಿಸಿಕೊಂಡಂತೆ ಕಾಣುತ್ತದೆ. ಈ ಎಣ್ಣೆ ಪಂಪಿಗೆ ಒಳ್ಳೆಯದು ಎಂಬ ನಂಬಿಕೆ ಹುಟ್ಟುವುದು ಹೀಗೆ. ಪ್ಲಂಜರಿನ ಮೇಲಿನ ಹೊರೆ ಏರಿದ್ದು ಮಾತ್ರ ಹೊರಗೆ ಕಾಣದು.

ಈ ಎಲ್ಲ ಕಷ್ಟಕ್ಕೂ ಎರಡು ಮದ್ದುಗಳಿವೆ, ಬಿಸಿ ಮಾಡುವುದು ಮತ್ತು ತೆಳುವಾಗಿಸುವುದು. ರೇಡಿಯೇಟರಿನ ಬಿಸಿನೀರನ್ನು ಟ್ಯಾಂಕಿನವರೆಗೆ ಹಾಯಿಸಿ ಅಡುಗೆ ಎಣ್ಣೆಯನ್ನು 80 ಡಿಗ್ರಿಗೆ ತಂದರೆ ಸ್ನಿಗ್ಧತೆ 10–12ಕ್ಕೆ ಇಳಿಯುತ್ತದೆ. ಬಿಸಿ ಮುಟ್ಟಬೇಕಾದದ್ದು ಪಂಪಿಗಿಂತ ಮೊದಲು. ಎಂಜಿನ್ನಿನ ಹತ್ತಿರ ಹೀಟರ್ ಇಟ್ಟರೆ ನಾಜಲ್ಲಿಗೆ ಸುಖ, ಲಿಫ್ಟ್ ಪಂಪಿಗೆ ಏನೂ ಸಿಕ್ಕಲಿಲ್ಲ. ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎಣ್ಣೆಗೆ ಹೊರಳಿ, ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್ಲಿಗೆ ಬರುವ ಎರಡು ಟ್ಯಾಂಕಿನ ಪದ್ಧತಿ ಇದಕ್ಕಾಗಿಯೇ ಬಂತು. ಬೆರಕೆಯ ಲೆಕ್ಕ ನೇರವಲ್ಲ, ತೆಳು ದ್ರವದ ಪ್ರಭಾವ ಅದರ ಪಾಲಿಗಿಂತ ಹೆಚ್ಚು. 100ರ ಆಯಿಲ್ಲಿಗೆ 3ರ ಡೀಸೆಲ್ಲನ್ನು ಸಮಸಮ ಬೆರೆಸಿದರೆ ಸಿಗುವುದು 50 ಅಲ್ಲ, ಅದಕ್ಕಿಂತ ಬಹಳ ಕಡಿಮೆ. ಪೆಟ್ರೋಲ್ ಬೆರೆಸಿ ತೆಳು ಮಾಡುವವರೂ ಇದ್ದಾರೆ. ಟ್ಯಾಂಕಿನೊಳಗೆ ಹೊತ್ತಿಕೊಳ್ಳುವ ಆವಿ ತುಂಬಿಸುವ ಈ ಕೆಲಸವನ್ನು ನಾನು ಯಾರಿಗೂ ಹೇಳಲಾರೆ.

ಕರಿದ ಎಣ್ಣೆ ಮತ್ತು ಬಸಿದ ಎಂಜಿನ್ ಆಯಿಲ್ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದೂ ತಪ್ಪು. ಎಂಜಿನ್ ಆಯಿಲ್ಲಿನಲ್ಲಿ ಮಸಿಯನ್ನು ತೇಲಿಸಿಡುವ ರಾಸಾಯನಿಕವನ್ನು ಬೇಕೆಂದೇ ಸೇರಿಸಿರುತ್ತಾರೆ, ಮಸಿಯ ಕಣಗಳು ಒಂದು ಮೈಕ್ರಾನಿಗಿಂತ ಚಿಕ್ಕವು. ಐದು ಮೈಕ್ರಾನಿನ ಫಿಲ್ಟರನ್ನು ಅವು ಸಲೀಸಾಗಿ ದಾಟುತ್ತವೆ; ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೂ ಪೂರ್ತಿ ಬಿಡುವುದಿಲ್ಲ. ಸವೆದ ಲೋಹ, ಸತು, ಕ್ಯಾಲ್ಸಿಯಂ ಎಲ್ಲ ಉರಿದು ಸೈಲೆನ್ಸರಿನಿಂದ ಜನರ ಉಸಿರಿಗೆ ಸೇರುತ್ತವೆ. ಭಾರತದ 2016ರ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಅದು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಅದನ್ನು ಉರಿಸಲು ಪಂಪು ಹುಡುಕಬೇಡಿ ಎಂಬುದು ನನ್ನ ಖಚಿತ ಮಾತು.

ಸಸ್ಯದೆಣ್ಣೆಯ ದಾರಿ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂತ್ರ ಯೋಜನೆಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದ್ದರು. ಒಂದೇ ವೇಗದಲ್ಲಿ, ಒಂದೇ ಜಾಗದಲ್ಲಿ ಓಡುವ ಅಂಥ ಎಂಜಿನ್ನಿಗೆ ಟ್ಯಾಂಕನ್ನು ಎತ್ತರದಲ್ಲಿಟ್ಟರೆ ಎಳೆಯುವ ಪ್ರಶ್ನೆಯೇ ಏಳದು. ರಸ್ತೆಯ ಲಾರಿಗೆ ಎಣ್ಣೆಯನ್ನೇ ಬದಲಿಸುವುದು ವಾಸಿ. ಕರಿದ ಎಣ್ಣೆಯನ್ನು ಮೆಥನಾಲಿನೊಂದಿಗೆ ವರ್ತಿಸುವಂತೆ ಮಾಡಿದರೆ ಗ್ಲಿಸರಿನ್ ಬೇರ್ಪಟ್ಟು 3.5ರಿಂದ 5 ಸೆಂಟಿಸ್ಟೋಕ್ಸಿನ ಜೈವಿಕ ಡೀಸೆಲ್ ಸಿಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೋಟೆಲುಗಳ ಕರಿದ ಎಣ್ಣೆಯನ್ನು ಸಂಗ್ರಹಿಸಲು ಆರಂಭಿಸಿದ ಯೋಜನೆಯ ಗುರಿ ಇದೇ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ 1600 ಬಾರ್ ದಾಟುತ್ತದೆ, ಅಂಗಗಳ ನಡುವಿನ ಸಂದಿ ಕೆಲವೇ ಮೈಕ್ರಾನ್. ಅವು ಮಂದ ಎಣ್ಣೆಯನ್ನು ಬಿಸಿ ಮಾಡಿ ಕೊಟ್ಟರೂ ಒಪ್ಪವು.

ಹಳೆಯ ಇನ್‌ಲೈನ್ ಪಂಪಿನ ಗಾಡಿಯಲ್ಲಿ ಬಿಸಿ ಎಣ್ಣೆ ಓಡಿಸುವವರು ಹೊಸ ಲಿಫ್ಟ್ ಪಂಪಿಗೆ ದುಡ್ಡು ಹಾಕುವ ಮುನ್ನ ಈಗಿರುವ ಪಂಪಿನ ಹಿಂದೆ ಒಂದು ನಿರ್ವಾತ ಮಾಪಕ, ಇಂಜೆಕ್ಷನ್ ಪಂಪಿನ ಬಾಯಿಗೆ ಒಂದು ಒತ್ತಡ ಮಾಪಕ ಕೂರಿಸಿ, ಹೊರೆ ಹಾಕಿ ಏರು ಹತ್ತಿಸಿ ನೋಡಲಿ. ಹಿಂದಿನ ಮುಳ್ಳು ಅರ್ಧ ಬಾರಿನತ್ತ ಇಳಿದರೆ ಪೈಪು, ಜಾಲರಿ, ಬಿಸಿ ಇವುಗಳಲ್ಲಿ ಕೊರತೆಯಿದೆ. ಅದು ಸೊನ್ನೆಯ ಬಳಿಯೇ ನಿಂತು ಮುಂದಿನ ಮುಳ್ಳು ಕುಸಿದರೆ ಮೊದಲು ಫಿಲ್ಟರ್ ಬದಲಿಸಬೇಕು. ಆಮೇಲೂ ಕುಸಿದರೆ ಪಂಪನ್ನು ಬದಲಿಸುವ ಕಾಲ ಬಂದಿದೆ.