ಸುರುಳಿಯ ಅಕ್ಷರಗಳು

ಹುಟ್ಟುಹಬ್ಬದ ಆಹ್ವಾನವನ್ನೋ ಮದುವೆಯ ಕರೆಯೋಲೆಯನ್ನೋ ಕೈಗೆತ್ತಿಕೊಂಡಾಗ, ಒಕ್ಕಣೆಯನ್ನು ಓದುವ ಮೊದಲೇ ಅಕ್ಷರಗಳು ನಿಮ್ಮೊಡನೆ ಮಾತನಾಡಿರುವುದನ್ನು ಗಮನಿಸಿದ್ದೀರಾ? ಬಾನುಲಿಯಲ್ಲಿ ಭಾಷಣಕಾರರ ಧ್ವನಿ ಹೇಗೋ ಅಚ್ಚಿನಲ್ಲಿ ಅಕ್ಷರದ ರೂಪವೂ ಹಾಗೆ. ಗಂಭೀರವಾದ ಅಕ್ಷರವುಂಟು, ತುಂಟತನದ ಅಕ್ಷರವೂ ಉಂಟು.

ಈ ಎರಡನೆಯ ಬಗೆಗೆ ‘ಕರ್ಲ್ಜ್’ ಎಂಬ ಇಂಗ್ಲಿಷ್ ಅಕ್ಷರಮಾದರಿ ಒಳ್ಳೆಯ ನಿದರ್ಶನ. ಇದನ್ನು 1995ರಲ್ಲಿ ಮಾನೋಟೈಪ್ ಸಂಸ್ಥೆಗಾಗಿ ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟೆಸನ್ ಎಂಬಿಬ್ಬರು ರಚಿಸಿದರು. ಹೆಸರೇ ಹೇಳುವಂತೆ ಇದರ ಲಕ್ಷಣ ಸುರುಳಿ. ಗೆರೆಯು ಮುಗಿಯಬೇಕಾದಲ್ಲಿ ಮುಗಿಯದೆ, ಕುಂಬಳದ ಬಳ್ಳಿಯ ಕುಡಿಯಂತೆ ತನ್ನನ್ನೇ ಸುತ್ತಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಆಫೀಸ್ ತಂತ್ರಾಂಶದೊಡನೆ ಇದು ಮನೆಮನೆಯ ಗಣಕಯಂತ್ರವನ್ನು ಸೇರಿದ್ದರಿಂದ, ಮಕ್ಕಳ ಸಮಾರಂಭದ ಆಹ್ವಾನಗಳಲ್ಲಿಯೂ ಶುಭಾಶಯ ಪತ್ರಗಳಲ್ಲಿಯೂ ಕಾಣಿಸಿಕೊಂಡಿತು.

ಇಂಥ ಅಕ್ಷರಗಳು ತಲೆಬರಹಕ್ಕೆ ಸಲ್ಲತಕ್ಕವು. ದೊಡ್ಡದಾಗಿ ಬರೆದ ನಾಲ್ಕು ಮಾತುಗಳಲ್ಲಿ ಸುರುಳಿ ಶೋಭಿಸುತ್ತದೆ. ಅದೇ ಅಕ್ಷರವನ್ನು ಸಣ್ಣದಾಗಿಸಿ ಪುಟವೆಲ್ಲ ತುಂಬಿದರೆ ಸುರುಳಿಗಳು ಒಂದಕ್ಕೊಂದು ಮುತ್ತಿಕೊಂಡು ಕಣ್ಣಿಗೆ ಆಯಾಸವಾಗುತ್ತದೆ. ಹಬ್ಬದ ದಿನದ ಒಡವೆಯನ್ನು ತೊಟ್ಟು ಯಾರೂ ನೀರು ಸೇದುವುದಿಲ್ಲವಷ್ಟೆ!

ಇಂಗ್ಲಿಷಿನಲ್ಲಿ ಈ ಸುರುಳಿ ಬಹುಮಟ್ಟಿಗೆ ಬರಿಯ ಅಲಂಕಾರ. ನಮ್ಮ ಲಿಪಿಯಲ್ಲಾದರೋ ಬಾಗು ಕೊಂಕುಗಳೇ ಅಕ್ಷರದ ಜೀವಾಳ. ಒಡಲಿನಲ್ಲಿ ಒಂದು ಸಣ್ಣ ಸೀಳು ಬಿದ್ದರೆ ‘ದನ’ವು ‘ಧನ’ವಾಗುತ್ತದೆ. ‘ವ’ಕಾರದ ತುದಿಯನ್ನು ಬಲಕ್ಕೆ ಕೊಂಕಿಸಿದರೆ ಅದು ‘ಮ’ಕಾರವಾಗಿ ಕುಳಿತುಬಿಡುತ್ತದೆ.

ಇದು ಬರಿಯ ವ್ಯಾಕರಣದ ಮಾತಲ್ಲ. ನನ್ನ ಹಳೆಯ ಶಿಷ್ಯನೊಬ್ಬ ತಂಗಿಯ ಲಗ್ನಪತ್ರಿಕೆಯನ್ನು ತಂದುಕೊಟ್ಟಿದ್ದ. ಅಂದ ಹೆಚ್ಚಲೆಂದು ಅಚ್ಚಿನವರು ಪ್ರತಿಯೊಂದು ಅಕ್ಷರಕ್ಕೂ ಬಾಲ ಕಟ್ಟಿದ್ದರು. ‘ವರ’ ಎಂದಿರಬೇಕಾದಲ್ಲಿ ನಾನು ‘ಮರ’ ಎಂದು ಓದಿದೆ. ಶಿಷ್ಯ ನಕ್ಕುಬಿಟ್ಟ, ಸಂಗತಿ ತಿಳಿದ ಅವನ ತಾಯಿ ಮಾತ್ರ ನಗಲಿಲ್ಲ. “ಮೇಷ್ಟ್ರೇ, ಶುಭಕಾರ್ಯದ ಕಾಗದದಲ್ಲಿ ಅಳಿಯನನ್ನು ಹೀಗೆ ಕರೆದರೆ ಬೀಗರು ಏನೆಂದುಕೊಂಡಾರು?” ಎಂದು ಕಣ್ಣೊರೆಸಿಕೊಂಡರು. ಖರ್ಚಿನ ಮೇಲೆ ಖರ್ಚಾದರೂ ಅಷ್ಟನ್ನೂ ಮತ್ತೆ ಅಚ್ಚು ಹಾಕಿಸಿದರು.

ಹಾಗೆಂದು ಅಲಂಕಾರವೇ ಬೇಡವೆಂದು ನಾನು ಹೇಳುವವನಲ್ಲ. ‘ಶುಭವಿವಾಹ’ ಎಂಬ ತಲೆಬರಹಕ್ಕೆ ಬೇಕಾದಷ್ಟು ಸುರುಳಿ ಇರಲಿ. ಹೆಸರು, ತಿಥಿ, ಗಳಿಗೆ, ಸ್ಥಳ ಇವು ಮಾತ್ರ ಸಾದಾ ಅಕ್ಷರದಲ್ಲಿರಲಿ. ಅಚ್ಚಿಗೆ ಕೊಡುವ ಮುನ್ನ ಕರಡನ್ನು ಮನೆಯ ಅಜ್ಜಿಯ ಕೈಗೂ ಮೂರನೆಯ ತರಗತಿಯ ಮಗುವಿನ ಕೈಗೂ ಕೊಟ್ಟು ಗಟ್ಟಿಯಾಗಿ ಓದಿಸಿರಿ. ಇಬ್ಬರೂ ಎಲ್ಲಿಯೂ ತಡವರಿಸದಿದ್ದರೆ ಧೈರ್ಯವಾಗಿ ಅಚ್ಚು ಹಾಕಿಸಬಹುದು.